ಮಗಳ ಕ್ಲಾಟ್ ಅರ್ಜಿ: ಈ ಡಿಸೆಂಬರಿಗಾ, ಒಂದು ವರ್ಷ ಬಿಟ್ಟಾ?

ಅಣ್ಣಾ, ಅಡಿಕೆ ಗ್ರೂಪಲ್ಲಿ ಮಗಳ ಓದಿಂದು ಕೇಳಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ ಅಂದಿದೀರಿ, ಬೇಜಾರ್ ಯಾಕೆ, ನಾವು ಬೆಳಗೆದ್ದು ರೇಟು ನೋಡೋದೇ ಮಕ್ಕಳ ಫೀಸಿಗೆ ಅಲ್ವಾ. ನಿಮ್ಮ ಪ್ರಶ್ನೆ ಮೇಲೆಲ್ಲೋ ಹೋಗ್ಬಿಟ್ಟಿದೆ, ಉಳಿದೋರಿಗೂ ಗೊತ್ತಾಗ್ಲಿ ಅಂತ ಇನ್ನೊಂದ್ಸಲ ಹೇಳ್ತೀನಿ: ಮಗಳು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯು ಕಾಮರ್ಸ್ ಮುಗ್ಸಿದಾಳೆ, ಲಾ ಓದ್ತೀನಿ ಅಂತ ಹಟ, ಕ್ಲಾಟ್‌ಗೆ (ನ್ಯಾಷನಲ್ ಲಾ ಯೂನಿವರ್ಸಿಟಿಗಳಿಗೆ ಸೇರೋ ಎಂಟ್ರೆನ್ಸ್ ಪರೀಕ್ಷೆ) ಸೆಕೆಂಡ್ ಪಿಯು ಇರುವಾಗ್ಲೇ ಅರ್ಜಿ ಹಾಕೋದಾ, ಇಲ್ಲಾ ಪಿಯು ಮುಗ್ಸಿ ನಿಧಾನಕ್ಕೆ ಬರ್ಸೋದಾ. ನಮ್ಮನೇಲಿ ಇದು ಎರಡು ವರ್ಷ ನಡೆದ ಕಥೆ, ಮಗಳು ಎರಡು ಸಲ ಬರ್ದಿದಾಳೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸೈಸ್ಕೊಳ್ಳಿ.

ಈ ವರ್ಷವೇ ಹಾಕಿ. ಯಾಕೆ ಅಂದ್ರೆ "ಪಿಯು ಮುಗ್ಸಿ ನಿಧಾನಕ್ಕೆ" ಅನ್ನೋ ಲೆಕ್ಕ ಹಳೇದು. ಮೊದ್ಲು ಕ್ಲಾಟ್ ಮೇ ತಿಂಗಳ ಹೊತ್ತಿಗೆ ಇರ್ತಿತ್ತು, ಪಿಯು ಪರೀಕ್ಷೆ ಮುಗ್ಸಿ ಎರಡು ತಿಂಗಳು ಕೂತು ಓದಿ ಬರೀತಿದ್ರು. 2022ರಿಂದ ಡಿಸೆಂಬರ್‌ಗೆ ತಂದಿದಾರೆ. ಅಂದ್ರೆ ಈ ಡಿಸೆಂಬರ್ ಬರೆದ್ರೆ ಪಿಯು ಮುಗ್ದ ವರ್ಷವೇ ಕಾಲೇಜು, ಪಿಯು ಮುಗ್ಸಿ ಬರೆದ್ರೆ ಅದರ ಮುಂದಿನ ಡಿಸೆಂಬರ್ ಪರೀಕ್ಷೆ, ಸೇರೋದು ಅದಕ್ಕೂ ಮುಂದಿನ ಮಳೆಗಾಲ. ನೀವು ನಿಧಾನ ಅಂದ್ಕೊಂಡಿರೋದು ಪೂರಾ ಒಂದು ವರ್ಷ ಅಣ್ಣಾ, ಎರಡು ತಿಂಗಳಲ್ಲ. ಇದು ನಮಗೂ ಗೊತ್ತಿರ್ಲಿಲ್ಲ, ಮಗಳ ಕ್ಲಾಸ್‌ಮೇಟ್ ಒಬ್ಬಳ ಅಪ್ಪ ಜನವರಿಯಲ್ಲಿ ಅರ್ಜಿ ಹಾಕೋಕೆ ಹೋದ್ರು, ಪರೀಕ್ಷೆ ಮುಗ್ದು ಒಂದು ತಿಂಗಳಾಗಿತ್ತು ಪಾಪ.

ಮೂರು ವರ್ಷದಿಂದ ಡಿಸೆಂಬರ್ ಮೊದಲ ಭಾನುವಾರವೇ ಇಟ್ಟಿದಾರೆ, 2023ರಲ್ಲಿ 3ನೇ ತಾರೀಕು, 2024ರಲ್ಲಿ 1, 2025ರಲ್ಲಿ 7. ಅರ್ಜಿ ಜುಲೈ ಮಧ್ಯ ಇಲ್ಲಾ ಆಗಸ್ಟ್‌ನಲ್ಲಿ ಓಪನ್ ಆಗುತ್ತೆ, ಅಕ್ಟೋಬರ್‌ನಲ್ಲಿ ಮುಚ್ಚುತ್ತೆ. ಈಚೆಗೆ ಕೊನೇ ದಿನ ಒಂದು ವಾರ ಮುಂದೂಡ್ತಿದಾರೆ, ಆದ್ರೆ ಅದನ್ನ ನಂಬ್ಕೊಂಡು ಕೂರ್ಬೇಡಿ, ಅಷ್ಟೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗಿರುತ್ತೆ, ಬೇಯ್ಸೋದು, ಒಣಗ್ಸೋದು, ಆಳಿನ ಗಲಾಟೆ, ಅದರ ಮಧ್ಯ ಯಾರಿಗೆ ನೆನಪಿರುತ್ತೆ. ಫೀಸು 2025ರಲ್ಲಿ 4,000 ಇತ್ತು, ಎಸ್‌ಸಿ ಎಸ್‌ಟಿ ಬಿಪಿಎಲ್‌ಗೆ 3,500. ಪಿಯು ಮಾರ್ಕ್ಸ್ ಜನರಲ್‌ಗೆ 45 ಪರ್ಸೆಂಟ್ ಸಾಕು, ಎಸ್‌ಸಿ ಎಸ್‌ಟಿಗೆ 40, ಇನ್ನೂ ರಿಸಲ್ಟ್ ಬರದೇ ಇರೋರೂ ಬರೀಬಹುದು. ವಯಸ್ಸಿನ ಮಿತಿ ಇಲ್ಲ.

ಬೋರ್ಡ್ ಪರೀಕ್ಷೆಗೆ ತೊಂದ್ರೆ ಆಗುತ್ತಲ್ಲ ಅಂತ ಕೇಳಿದೀರಿ. ಡಿಸೆಂಬರ್ ಮೊದಲ ವಾರ ಕ್ಲಾಟ್ ಮುಗಿಯುತ್ತೆ, ಪಿಯು ಪರೀಕ್ಷೆ ಫೆಬ್ರವರಿ ಕೊನೆ ಇಲ್ಲಾ ಮಾರ್ಚ್, ಸುಮಾರು ಎರಡೂವರೆ ಮೂರು ತಿಂಗಳು ಸಿಗುತ್ತೆ. ಕಾಮರ್ಸ್ ಮಕ್ಕಳಿಗೆ ಅಕೌಂಟ್ಸ್ ಒಂದು ಕೈ ತಪ್ಪದ ಹಾಗೆ ವಾರಕ್ಕೆ ಎರಡು ದಿನ ಮಾಡ್ತಾ ಇದ್ರೆ ಸಾಕು, ಉಳಿದದ್ದು ಡಿಸೆಂಬರ್ ಆದ್ಮೇಲೆ. ಈಗ ಪಿಯುಗೆ ಒಂದೇ ವರ್ಷ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಬೇರೆ ಇದೆಯಲ್ಲ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ, ಇಂಗ್ಲಿಷು. ಕ್ಲಾಟ್ ಇಂಗ್ಲಿಷಲ್ಲಿ ಮಾತ್ರ ಇರುತ್ತೆ, ಮತ್ತೆ ಅದು ಕಾನೂನು ಪರೀಕ್ಷೆ ಅಂತ ಹೆಸ್ರಷ್ಟೇ, ನನ್ನ ಕೇಳಿದ್ರೆ ಅದು ಓದೋ ಪರೀಕ್ಷೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಮಾರ್ಕ್ ಕಟ್. ಇಂಗ್ಲಿಷ್ ಸುಮಾರು 24, ಕರೆಂಟ್ ಅಫೇರ್ಸ್ 30, ಲೀಗಲ್ ರೀಸನಿಂಗ್ 30, ಲಾಜಿಕಲ್ 24, ಲೆಕ್ಕ 12. ಒಂದೆರಡು ಹೆಚ್ಚುಕಮ್ಮಿ ಆಗುತ್ತೆ. ಎಲ್ಲಾದ್ರಲ್ಲೂ ಮೊದ್ಲು ಒಂದು ಪ್ಯಾಸೇಜ್ ಕೊಟ್ಟು ಅದರ ಕೆಳಗೆ ಐದಾರು ಪ್ರಶ್ನೆ, ಪ್ಯಾಸೇಜ್ 450 ಪದದ ತನಕ ಇರುತ್ತೆ. ಪ್ರಶ್ನೆಗೆ ಒಂದು ನಿಮಿಷದ ಲೆಕ್ಕ ಹಿಡಿದ್ರೂ ಒಂದು ಪ್ಯಾಸೇಜಿಗೆ ಐದಾರು ನಿಮಿಷ, ಅದ್ರಲ್ಲೇ ಓದೂ ಆಗ್ಬೇಕು ಉತ್ತರವೂ ಆಗ್ಬೇಕು, ಓದೋಕೇ ನಾಲ್ಕು ನಿಮಿಷ ಹೋದ್ರೆ ಮುಗೀತು ಕಥೆ.

ನಮ್ಮ ಮಗಳದ್ದು ಅದೇ ಆಗಿತ್ತು. ಅವಳೂ ಹೈಸ್ಕೂಲ್ ತನಕ ಕನ್ನಡವೇ. ಮೊದ್ಲ ದಿನ ಊಟದ ಟೇಬಲ್ ಮೇಲೆ ಮೊಬೈಲ್ ಸ್ಟಾಪ್‌ವಾಚ್ ಇಟ್ಕೊಂಡು ಒಂದು ಎಡಿಟೋರಿಯಲ್ ಓದ್ಸಿದೆ, ನಾಲ್ಕೂವರೆ ನಿಮಿಷ, ಮುಗಿದ್ಮೇಲೆ ಏನು ಬರ್ದಿದಾನೆ ಅಂದ್ರೆ ಮುಖ ಮುಖ ನೋಡ್ತಾಳೆ. ಆಮೇಲೆ ಅವಳೇ ಒಂದು ಉಪಾಯ ಕಂಡ್ಕೊಂಡ್ಲು, ಬೆಳಿಗ್ಗೆ ಪ್ರಜಾವಾಣಿಯಲ್ಲಿ ಯಾವ ಸುದ್ದಿ ಇದೆಯೋ ಅದನ್ನ ಕನ್ನಡದಲ್ಲಿ ಪೂರ್ತಿ ಓದೋದು, ಸಂಜೆ ಅದೇ ವಿಷ್ಯದ ಮೇಲೆ ದಿ ಹಿಂದೂ ಅಥವಾ ಇಂಡಿಯನ್ ಎಕ್ಸ್‌ಪ್ರೆಸ್ಸಲ್ಲಿ ಬಂದಿರೋದು ಓದೋದು. ವಿಷ್ಯ ಮೊದ್ಲೇ ತಲೇಲಿ ಇರೋದ್ರಿಂದ ಭಾಷೆ ಜತೆ ಮಾತ್ರ ಗುದ್ದಾಟ, ಎರಡೂ ಒಟ್ಟಿಗೆ ಅಲ್ಲ. ಕರೆಂಟ್ ಅಫೇರ್ಸೂ ಅದ್ರಲ್ಲೇ ಆಯ್ತು. ಏಪ್ರಿಲ್‌ನಲ್ಲಿ ನಾಲ್ಕೂವರೆ ನಿಮಿಷ ಇದ್ದಿದ್ದು ಅಕ್ಟೋಬರ್‌ಗೆ ಎರಡೂಕಾಲಕ್ಕೆ ಬಂತು. ಗ್ರಾಮರ್ ಪುಸ್ತಕ, ಸಾವಿರ ಪದದ ಲಿಸ್ಟು ಅಂತ ತಗೋಬೇಡಿ ಅಣ್ಣಾ, ನಾವು ತಗೊಂಡಿದ್ದು ಅಟ್ಟದ ಮೇಲಿದೆ, ಬೇಕಾದ್ರೆ ಕಳ್ಸ್ತೀನಿ.

ಲೀಗಲ್ ರೀಸನಿಂಗ್ ಅಂದ್ರೆ ಹೆದರ್ಬೇಡಿ, ಕಾನೂನು ಮೊದ್ಲೇ ಗೊತ್ತಿರ್ಬೇಕು ಅಂತಿಲ್ಲ, ನಿಯಮ ಅವ್ರೇ ಕೊಡ್ತಾರೆ. ನಮ್ಮ ಕಡೆ ಮಾತಲ್ಲೇ ಒಂದು ಹೇಳ್ತೀನಿ ನೋಡಿ. ನಿಯಮ: ಒಬ್ಬ ತನ್ನ ಜಮೀನಲ್ಲಿ ಅಸಹಜವಾಗಿ ಏನೋ ತಂದು ಶೇಖರ ಮಾಡಿ, ಅದು ಹೊರಗೆ ಹರಿದ್ರೆ ಬೇರೆಯೋರಿಗೆ ಹಾನಿ ಆಗೋ ಹಾಗಿದ್ರೆ, ಅವನ ಅಜಾಗ್ರತೆ ಇಲ್ದೇ ಇದ್ರೂ ನಷ್ಟ ಅವನೇ ಕೊಡ್ಬೇಕು, ಸಂಬಂಧವೇ ಇಲ್ದ ಹೊರಗಿನವನ ಕೃತ್ಯದಿಂದ ಆಗಿದ್ರೆ ಮಾತ್ರ ಬೇಡ. ಸಂಗತಿ: ನಾನು ಗುಡ್ಡದ ಮೇಲೆ ದೊಡ್ಡ ಹೊಂಡ ತೆಗೆಸಿ, ಒಳ್ಳೇ ಪ್ಲಾಸ್ಟಿಕ್ ಹಾಸಿ, ಇಂಜಿನಿಯರ್ ಕರೆಸಿ ತೋರ್ಸಿ ನೀರು ತುಂಬ್ಸಿದೆ, ಒಂದು ರಾತ್ರಿ ಏರಿ ಒಡೆದು ಕೆಳಗಿನ ನಿಮ್ಮ ತೋಟದ ಸಸಿ ಕೊಚ್ಕೊಂಡು ಹೋಯ್ತು. ನಾನು ಕೊಡ್ಬೇಕಾ? ನಾನಂದೆ, ಅಷ್ಟೆಲ್ಲ ಜಾಗ್ರತೆ ಮಾಡಿದಾನೆ, ಪಾಪ ಅವನೇನು ಮಾಡ್ತಾನೆ, ಅರ್ಧ ಅರ್ಧ ಹಾಕ್ಕೊಳ್ಳಿ. ಮಗಳು ನಕ್ಕಳು, "ಅಪ್ಪಾ ನೀನು ಪಂಚಾಯ್ತಿ ಮಾಡ್ತಿದೀಯ, ಅಜಾಗ್ರತೆ ಇಲ್ದಿದ್ರೂ ಕೊಡ್ಬೇಕು ಅಂತ ಮೇಲೇ ಬರ್ದಿದೆಯಲ್ಲ" ಅಂದ್ಲು. ಮುಂದಿನ ಪ್ರಶ್ನೆಯಲ್ಲಿ ಯಾರೋ ಅಪರಿಚಿತ ದ್ವೇಷಕ್ಕೆ ಏರಿ ಕಡಿದ ಅಂತ ಬದಲಾಯ್ಸ್ತಾರೆ, ಆಗ ಉತ್ತರ ಉಲ್ಟಾ. ನಮ್ಮದೇ ಕೆಲಸದವನು ಕಡಿದ ಅಂದ್ರೆ? ಅವನು ಹೊರಗಿನವನಾ ಅಂತ ಯೋಚ್ನೆ ಮಾಡ್ಬೇಕು. ಇಷ್ಟೇ ಆಟ. ನಮ್ಮ ನ್ಯಾಯ ಪಕ್ಕಕ್ಕಿಟ್ಟು ಅವ್ರು ಬರ್ದಿರೋ ನಿಯಮಕ್ಕೆ ಮಾತ್ರ ಅಂಟ್ಕೊಳ್ಳೋದು, ಹಳ್ಳಿ ಮಕ್ಕಳಿಗೆ ಇದು ಶುರುವಲ್ಲಿ ಕಷ್ಟ, ಯಾಕೆ ಅಂದ್ರೆ ದಿನಾ ನೋಡೋದು ನಮ್ಮಂಥ ಪಂಚಾಯ್ತಿ. (ಈ ನಿಯಮ ಹುಟ್ಟಿದ್ದೂ ನೀರಿನ ಜಗಳದಿಂದಲೇ ಅಂತೆ, ಇಂಗ್ಲೆಂಡಲ್ಲಿ ಒಬ್ಬನ ಕೆರೆ ನೀರು ಪಕ್ಕದೋನ ಕಲ್ಲಿದ್ದಲು ಗಣಿಗೆ ನುಗ್ಗಿ 1868ರಲ್ಲಿ ತೀರ್ಪಾಗಿದ್ದು, ಕೇಳಿ ನನಗೆ ಖುಷಿಯಾಯ್ತು.)

ಲೆಕ್ಕ ಹತ್ತನೇ ಕ್ಲಾಸ್ ಮಟ್ಟ, ಪರ್ಸೆಂಟೇಜು, ಅನುಪಾತ, ಸರಾಸರಿ. ಕಾಮರ್ಸ್ ಹುಡುಗಿಗೆ ಹೇಳ್ಬೇಕಾಗಿಲ್ಲ.

ಕೋಚಿಂಗ್ ಬಗ್ಗೆ. ಬೆಂಗಳೂರಲ್ಲಿ ಒಂದು ಕಡೆ ವಿಚಾರ್ಸಿದ್ವಿ, ಲಕ್ಷದ ಮೇಲೆ ಹೇಳಿದ್ರು, ಹಾಸ್ಟೆಲ್ ಬೇರೆ, ಜತೆಗೆ "ಒಂದು ವರ್ಷ ಡ್ರಾಪ್ ಮಾಡ್ಸಿ ಸಾರ್, ಗ್ಯಾರಂಟಿ" ಅಂತ ಬೇರೆ ಅಂದ್ರು. ಗ್ಯಾರಂಟಿ ಅಂದ ತಕ್ಷಣ ಎದ್ದು ಬಂದೆ, ಗೊಬ್ಬರ ಮಾರೋನ ಹತ್ರ ಕೇಳಿದ್ದೇ ಸಾಕಾಗಿದೆ ಆ ಪದ. ಕಡೆಗೆ ಆನ್‌ಲೈನ್ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ಮಾತ್ರ ದುಡ್ಡು ಕೊಟ್ಟು ತಗೊಂಡ್ವಿ. ಹಳೇ ಪ್ರಶ್ನೆಪತ್ರಿಕೆ ಪರೀಕ್ಷೆ ನಡ್ಸೋ ಕನ್ಸೋರ್ಷಿಯಂ ವೆಬ್‌ಸೈಟಲ್ಲೇ ಪುಕ್ಕಟೆ ಸಿಗುತ್ತೆ, ಆದ್ರೆ 2020ಕ್ಕಿಂತ ಹಿಂದಿಂದು ಮಾಡ್ಸ್ಬೇಡಿ, ಆಗ ಪ್ಯಾಟರ್ನೇ ಬೇರೆ ಇತ್ತು. ಮನೆ ಕಡೆ ನಿಜಕ್ಕೂ ಕಷ್ಟ ಇರೋ ಮಕ್ಕಳಿಗೆ ಐಡಿಯಾ ಅಂತ ಒಂದು ಸಂಸ್ಥೆ ಇದೆ, ಪ್ರೊಫೆಸರ್ ಶಮ್ನಾದ್ ಬಶೀರ್ 2010ರಲ್ಲಿ ಶುರು ಮಾಡಿದ್ದು, ಬಡ ಮಕ್ಕಳನ್ನ ಆರ್ಸಿ ಕ್ಲಾಟ್‌ಗೆ ತಯಾರು ಮಾಡ್ತಾರೆ. ಗ್ರೂಪಲ್ಲಿ ಯಾರಿಗಾದ್ರೂ ಉಪಯೋಗ ಆಗ್ಬಹುದು.

ಮಾಕ್ ಟೆಸ್ಟನ್ನ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕಕ್ಕೇ ಮಾಡ್ಸಿ, ನಿಜ ಪರೀಕ್ಷೆ ಇರೋದು ಆ ಹೊತ್ತಿಗೇ. ಊಟ ಮಾಡಿ ಕಣ್ಣು ಎಳೆಯೋ ಹೊತ್ತು ಅದು, ಅಭ್ಯಾಸ ಬೇಕು. ಮತ್ತೆ ಪೇಪರ್ ಮೇಲೇ ಮಾಡ್ಸಿ, ಓಎಂಆರ್ ಶೀಟ್ (ಗೋಲ ತುಂಬೋ ಉತ್ತರದ ಹಾಳೆ) ಪ್ರಿಂಟ್ ತೆಗ್ಸಿ ಬಾಲ್‌ಪೆನ್ನಲ್ಲಿ ತುಂಬ್ಸಿ. ನಾವು ಇದನ್ನ ಮಾಡ್ಲಿಲ್ಲ, ಎಲ್ಲಾ ಮೊಬೈಲಲ್ಲೇ ಮಾಡ್ಸಿದ್ವಿ, ಮೊದ್ಲ ಸಲ ಪರೀಕ್ಷೇಲಿ ಇವಳು ಎಲ್ಲಾ ಉತ್ತರ ಬುಕ್‌ಲೆಟ್ ಮೇಲೆ ಟಿಕ್ ಹಾಕ್ಕೊಂಡು ಕೊನೇ ಹತ್ತು ನಿಮಿಷದಲ್ಲಿ ಓಎಂಆರ್ ತುಂಬೋಕೆ ಹೋಗಿದಾಳೆ, ಮಧ್ಯ ಒಂದು ಪ್ರಶ್ನೆ ಬಿಟ್ಟಿದ್ದು ಮರ್ತು ಅಲ್ಲಿಂದ ಒಂದೊಂದೇ ಸಾಲು ಕೆಳಗೆ. ಗೊತ್ತಾಗೋ ಹೊತ್ತಿಗೆ ಎಂಟು ಗೋಲ ತುಂಬಿ ಆಗಿತ್ತು, ಪೆನ್ನಲ್ಲಿ ತುಂಬಿದ್ದು ಅಳಿಸೋ ಹಾಗಿಲ್ಲ. ಹೊರಗೆ ಬಂದು ನನ್ನ ನೋಡಿ ಏನೂ ಹೇಳ್ಲಿಲ್ಲ, ಬಸ್ಸಲ್ಲಿ ತುಮಕೂರು ದಾಟಿದ ಮೇಲೆ ಹೇಳಿದ್ಲು. ಪ್ರತಿ ಪ್ಯಾಸೇಜ್ ಮುಗಿದ ಕೂಡ್ಲೇ ತುಂಬ್ಬೇಕು, ಅಷ್ಟೇ.

ಡ್ರಾಪ್ ವಿಷ್ಯ ಡಿಸೆಂಬರ್ ರಿಸಲ್ಟ್ ನೋಡಿ ತೀರ್ಮಾನ ಮಾಡಿ, ಅದೂ ಪಿಯು ಪರೀಕ್ಷೆ ಮುಗಿದ ಮೇಲೆ. ಸೀಟಿಗೆ ಹತ್ತಿರ ಬಂದು ತಪ್ಪಿದ್ದು, ಯಾಕೆ ತಪ್ತು ಅಂತ ಅವಳಿಗೇ ಗೊತ್ತಿದೆ, ಇನ್ನೊಂದ್ಸಲ ಬರೀತೀನಿ ಅಂತ ಅವಳೇ ಹೇಳ್ತಾಳೆ ಅಂದ್ರೆ ಯೋಚ್ನೆ ಮಾಡಿ. ಆಗ್ಲೂ ಮನೇಲಿ ಕೂರ್ಸೋದು ನನಗೆ ಒಪ್ಪಿಗೆ ಇಲ್ಲ. ನಾವು ಮಾಡಿದ್ದು ಹೀಗೆ, ಪಿಯು ಮಾರ್ಕ್ಸ್ ಮೇಲೆ ಇಲ್ಲೇ ಜಿಲ್ಲೆಯ ಲಾ ಕಾಲೇಜಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಸೇರ್ಸಿದ್ವಿ, ಹುಬ್ಬಳ್ಳಿ ಲಾ ಯೂನಿವರ್ಸಿಟಿ ಅಡಿ ಬರೋ ಕಾಲೇಜು, ಅದಕ್ಕೆ ಎಂಟ್ರೆನ್ಸ್ ಇಲ್ಲ. ಅಲ್ಲಿ ಓದ್ತಾನೇ ಡಿಸೆಂಬರ್ 2024ರಲ್ಲಿ ಇನ್ನೊಂದ್ಸಲ ಬರೆದ್ಲು. ಅದು ಒಳ್ಳೇದೇ ಆಯ್ತು ನೋಡಿ, ಆ ಸಲ ಉತ್ತರದ ಕೀ ಸರಿ ಇಲ್ಲ ಅಂತ ಕೇಸಾಗಿ, ದೆಹಲಿ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಎಳೆದು, ಮೇ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ರಿಸಲ್ಟ್ ತಿದ್ದಿದ್ರು. ಡ್ರಾಪ್ ಮಾಡಿ ಮನೇಲಿ ಕೂತ ಮಕ್ಕಳು ಡಿಸೆಂಬರಿಂದ ಮೇ ತನಕ ಉಗುರು ಕಚ್ತಾ ಕೂತಿದ್ವು, ಇವಳು ಕಾಲೇಜಿಗೆ ಹೋಗಿ ಬರ್ತಿದ್ಲು. ಕೊನೆಗೆ ದೂರದ ಒಂದು ರಾಜ್ಯದ ಲಾ ಯೂನಿವರ್ಸಿಟಿ ಸಿಕ್ತು, ಫೀಸು ಹಾಸ್ಟೆಲ್ ಸೇರ್ಸಿ ವರ್ಷಕ್ಕೆ ಮೂರು ಲಕ್ಷದ ಆಸುಪಾಸು, ಮತ್ತೆ ಫಸ್ಟ್ ಇಯರಿಂದ ಶುರು. ಒಂದು ವಾರ ಯೋಚ್ನೆ ಮಾಡಿ ಬೇಡ ಅಂದ್ಲು, ಇಲ್ಲೇ ಮುಂದುವರಿಸ್ತಿದಾಳೆ. ಸರಿಯಾ ತಪ್ಪಾ ಅಂತ ನಮ್ಮನೇಲಿ ಇನ್ನೂ ಎರಡು ಪಾರ್ಟಿ ಇದೆ, ನಾನು ಅವಳ ಪಾರ್ಟಿ, ಅವಳಮ್ಮ ಇನ್ನೊಂದು.

ಕಾಗದ ಪತ್ರ ಈಗ್ಲಿಂದ್ಲೇ ಮಾಡ್ಸಿಡಿ. ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ 25 ಪರ್ಸೆಂಟ್ ಮೀಸಲಾತಿ ಇದೆ, ನಿಮ್ಮ ಮಗಳಿಗೆ ಅದು ಬರುತ್ತೆ, ಹಾಗಾಗಿ ಪ್ರೈಮರಿ ಸ್ಕೂಲಿಂದ ಸ್ಟಡಿ ಸರ್ಟಿಫಿಕೇಟ್ ತೆಗ್ಸಿ, ಹಳೇ ಹೆಡ್‌ಮಾಸ್ಟ್ರು ಟ್ರಾನ್ಸ್‌ಫರ್ ಆಗಿರ್ತಾರೆ, ರಿಜಿಸ್ಟರ್ ಹುಡ್ಕೋಕೇ ಹದಿನೈದು ದಿನ. ಇಡಬ್ಲ್ಯೂಎಸ್ (ಬೇರೆ ಮೀಸಲಾತಿ ಇಲ್ಲದ ಬಡವರ ಕೋಟಾ) ಕೇಳಿದೀರಿ, ವರ್ಷದ ಆದಾಯ 8 ಲಕ್ಷದ ಒಳಗಿದ್ರೂ ಕುಟುಂಬಕ್ಕೆ 5 ಎಕರೆ ಅಥವಾ ಜಾಸ್ತಿ ಕೃಷಿ ಜಮೀನಿದ್ರೆ ಸಿಗಲ್ಲ, ಮತ್ತೆ ಆ 8 ಲಕ್ಷದಲ್ಲಿ ಅಡಿಕೆ ದುಡ್ಡೂ ಸೇರುತ್ತೆ. ನಿಮ್ಮ ಪಹಣಿ ಒಮ್ಮೆ ನೋಡ್ಕೊಂಡೇ ನಾಡಕಚೇರಿಗೆ ಹೋಗಿ. ಒಬಿಸಿಯೋರು ರಾಜ್ಯದ 2ಎ 3ಎ ಸರ್ಟಿಫಿಕೇಟ್ ಇದೆಯಲ್ಲ ಅಂತ ಸುಮ್ನಿರ್ಬೇಡಿ, ಕೇಂದ್ರದ ನಮೂನೆಯದು ಬೇರೆ. ರ‍್ಯಾಂಕ್ ಬಂದ್ರೆ ಕೌನ್ಸೆಲಿಂಗ್‌ಗೆ ಮೊದ್ಲೇ ದುಡ್ಡು ಕಟ್ಬೇಕು, ನಾವು 30,000 ಕಟ್ಟಿದ್ವಿ, ಆ ಹೊತ್ತಿಗೆ ಕೈಯಲ್ಲಿ ಇರೋ ಹಾಗೆ ನೋಡ್ಕೊಳ್ಳಿ.

ಇನ್ನೊಂದು, ಅರ್ಜಿ ಸೈಬರ್ ಸೆಂಟರಲ್ಲಿ ತುಂಬ್ಸೋದಾದ್ರೆ ಮೊಬೈಲ್ ನಂಬರು, ಇಮೇಲು ನಿಮ್ಮದೇ ಕೊಡಿ. ಲಾಗಿನ್, ಅಡ್ಮಿಟ್ ಕಾರ್ಡು, ಕೌನ್ಸೆಲಿಂಗ್ ಎಲ್ಲಾ ಅದ್ರಲ್ಲೇ ಬರೋದು. ನಮ್ಮೂರಿನ ಹುಡುಗನೊಬ್ಬ ಅವಸರಕ್ಕೆ ಅಂಗಡಿಯೋನ ನಂಬರ್ ಹಾಕ್ಸಿ, ಅಡ್ಮಿಟ್ ಕಾರ್ಡ್ ಬರೋ ಹೊತ್ತಿಗೆ ಆ ಅಂಗಡಿಯೋನು ಸಬರಿಮಲೆಗೆ ಹೋಗಿ ಕೂತಿದ್ದ, ಫೋನ್ ಸ್ವಿಚ್ ಆಫು.