ಬಯಾಲಜಿಯೂ ಬೇಕು, ಅನಿಮೇಷನ್ನೂ ಬೇಕು ಅಂದರೆ?

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಬಯಾಲಜಿ ಇಷ್ಟ, ಚಿತ್ರ ಬಿಡಿಸುವುದು ಅದಕ್ಕಿಂತ ಇಷ್ಟ. ಅನಿಮೇಷನ್ ಓದುತ್ತೇನೆ ಅಂದರೆ ಅಪ್ಪ ‘ಕಾರ್ಟೂನ್ ಮಾಡೋಕೆ ಸೈನ್ಸ್ ಯಾಕೆ ತಗೊಂಡೆ, ಎರಡು ವರ್ಷ ದಂಡ’ ಅನ್ನುತ್ತಾರೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾ ಸರ್?
– ಓದುಗಿ, ದಾವಣಗೆರೆ

ಉತ್ತರ: ಯಾವುದನ್ನೂ ಬಿಡಬೇಡಿ. ಅನಿಮೇಷನ್ ಅಂದರೆ ಕಾರ್ಟೂನ್ ಅಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನಿಮ್ಮ ಅಪ್ಪ ಒಬ್ಬರೇ ಅಲ್ಲ.

ನಿಮ್ಮ ಸಬ್ಜೆಕ್ಟಿನಿಂದಲೇ ಒಂದು ಉದಾಹರಣೆ ತಗೊಳ್ಳಿ. ಜೀವಕೋಶದೊಳಗೆ ಕೈನೆಸಿನ್ ಅಂತ ಒಂದು ಪ್ರೋಟೀನ್ ಇದೆ. ಸರಕು ಹೊತ್ತುಕೊಂಡು ಮೈಕ್ರೋಟ್ಯೂಬ್ಯೂಲ್ ಅನ್ನುವ, ಹಳಿಯ ಹಾಗಿರುವ ಸಣ್ಣ ಕೊಳವೆಯ ಮೇಲೆ ಎರಡು ಕಾಲಲ್ಲಿ ನಡೆಯುತ್ತದೆ. ಒಂದೊಂದು ಹೆಜ್ಜೆ 8 ನ್ಯಾನೋಮೀಟರ್, ಹೆಜ್ಜೆಗೊಂದು ಎಟಿಪಿ, ಅಂದರೆ ಕೋಶದ ಇಂಧನದ ಒಂದು ಕಣ, ಖರ್ಚು. ಪುಸ್ತಕದಲ್ಲಾದರೆ ಒಂದು ಚಿತ್ರ, ಎರಡು ಬಾಣ, ಮುಗೀತು. ಅದನ್ನೇ ಅನಿಮೇಟ್ ಮಾಡಲು ಕೂತರೆ ಬಾಣ ಹಾಕಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಹಿಂದಿನ ಕಾಲು ಯಾವಾಗ ಕಳಚಿಕೊಳ್ಳುತ್ತದೆ, ಎಡಗಡೆಯಿಂದ ಮುಂದೆ ಬರುತ್ತದಾ ಬಲಗಡೆಯಿಂದಲಾ, ಅಷ್ಟು ಹೊತ್ತು ಮುಂದಿನ ಕಾಲು ಏನು ಮಾಡುತ್ತಿರುತ್ತದೆ, ಹೊತ್ತ ಸರಕು ಓಲಾಡುತ್ತದಾ? ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿಗೂ ಒಂದು ಉತ್ತರ ಬೇಕು. ಉತ್ತರ ಇಲ್ಲದ ಕಡೆ ಕೈ ನಿಲ್ಲುತ್ತದೆ, ಆಗ ಎದ್ದು ಹೋಗಿ ಓದಬೇಕು, ಇಲ್ಲಾ ಗೊತ್ತಿರುವವರನ್ನು ಕೇಳಬೇಕು. ಎಷ್ಟೋ ಸಲ ಅವರಿಗೂ ಆ ಪ್ರಶ್ನೆ ಹೊಸದಾಗಿರುತ್ತದೆ. ಅನಿಮೇಷನ್ನನ್ನು ಬೇರೆ ವಿಷಯದ ಜೊತೆ ಸೇರಿಸಿ ಓದಬೇಕು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ.

2006ರಲ್ಲಿ ಹಾರ್ವರ್ಡ್ ಯೂನಿವರ್ಸಿಟಿಗಾಗಿ ಜೀವಕೋಶದ ಒಳಗಿನ ಬದುಕನ್ನು ತೋರಿಸುವ ಒಂದು ಅನಿಮೇಷನ್ ಮಾಡಿದರು. ಅದರಲ್ಲಿ ಕೈನೆಸಿನ್ ಖಾಲಿ ರಸ್ತೆಯಲ್ಲಿ ಹೋದ ಹಾಗೆ ಗತ್ತಿನಿಂದ ನಡೆಯುತ್ತದೆ. ನೋಡೋಕೆ ಚೆಂದ. ಆದರೆ ನಿಜವಾದ ಕೋಶದಲ್ಲಿ ಖಾಲಿ ಜಾಗ ಅನ್ನುವುದೇ ಕಡಿಮೆ. ಸುತ್ತ ಪ್ರೋಟೀನುಗಳ ನೂಕುನುಗ್ಗಲು, ನೀರಿನ ಕಣಗಳ ಏಟು, ಎಲ್ಲವೂ ಸದಾ ಅಲುಗಾಡುತ್ತಲೇ ಇರುತ್ತದೆ. ಆಮೇಲೆ ಮಾಡಿದ ಅನಿಮೇಷನ್‌ನಲ್ಲಿ ಆ ಗದ್ದಲವನ್ನೂ ತಂದರು. ಮೊದಲನೆಯದು ಸೊಗಸಾಗಿತ್ತು, ಎರಡನೆಯದು ಸತ್ಯಕ್ಕೆ ಹತ್ತಿರ. ಯಾವುದನ್ನು ಎಷ್ಟು ಬಿಡಬಹುದು ಅಂತ ತೀರ್ಮಾನ ಮಾಡೋಕೆ ಚಿತ್ರವೂ ಗೊತ್ತಿರಬೇಕು, ಬಯಾಲಜಿಯೂ ಗೊತ್ತಿರಬೇಕು, ಅಲ್ವಾ? ಮೆಲ್ಬರ್ನಿನ ಒಂದು ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡು ಡಿಎನ್ಎ ಅನಿಮೇಷನ್ ಮಾಡಿ ಹೆಸರಾದ ಡ್ರೂ ಬೆರ್ರಿ ಮೊದಲು ಓದಿದ್ದು ಕೋಶವಿಜ್ಞಾನವನ್ನೇ.

ಅಪ್ಪನಿಗೆ ಇನ್ನೊಂದು ಕತೆ ಹೇಳಿ. ‘ಫ್ರೋಜನ್’ ಅನಿಮೇಷನ್ ಸಿನಿಮಾ 2013ರದ್ದು. ಅದರ ಹಿಮ ಉದುರುವುದು, ಮುದ್ದೆಯಾಗುವುದು, ಒಡೆಯುವುದು ಎಲ್ಲಾ ಗಣಿತ. ಇಂಜಿನಿಯರುಗಳು ಮೊದಲೇ ಬಳಸುತ್ತಿದ್ದ ಒಂದು ಲೆಕ್ಕದ ವಿಧಾನವನ್ನು ಗಣಿತದವರೂ ಸಿನಿಮಾದವರೂ ಸೇರಿ ಹಿಮಕ್ಕೆ ಒಗ್ಗಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತದ ಮೇಲೆ ಸಂಶೋಧನೆ ಮಾಡುವ ಯೋಹಾನ್ ಗೋಮ್ ಆ ಸಿನಿಮಾ ನೋಡಿ, ಇದನ್ನು ಹೇಗೆ ಮಾಡಿದಿರಿ ಅಂತ ಅವರನ್ನೇ ಕೇಳಿ ತಿಳಿದುಕೊಂಡರು. 1959ರಲ್ಲಿ ರಷ್ಯಾದ ಉರಲ್ ಬೆಟ್ಟಗಳಲ್ಲಿ 9 ಜನ ಚಾರಣಿಗರು ಸತ್ತಿದ್ದರು, ಕೆಲವರ ಪಕ್ಕೆಲುಬು ಮುರಿದಿತ್ತು, ಕಾರಣ ಏನು ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಚಿಕ್ಕದೊಂದು ಹಿಮದ ಹಲಗೆ ಜಾರಿ ಮಲಗಿದ್ದವರ ಮೇಲೆ ಬಿದ್ದರೂ ಅಂಥ ಪೆಟ್ಟಾಗಬಹುದು ಅಂತ 2021ರಲ್ಲಿ ಗೋಮ್ ಮತ್ತು ಅಲೆಕ್ಸಾಂಡರ್ ಪುಜ್ರಿನ್ ತೋರಿಸಿದರು. ಅದಕ್ಕೆ ಬಳಸಿದ್ದರಲ್ಲಿ ಆ ಸಿನಿಮಾದ ಹಿಮಕ್ಕೆ ಬರೆದ ಕಂಪ್ಯೂಟರ್ ಕೋಡ್ ಕೂಡ ಇತ್ತು, ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದರು.

ಈಗ ಓದಿನ ದಾರಿ. ಪಿಯುಸಿ ಆದ ಮೇಲೆ ಅಹಮದಾಬಾದಿನ ಎನ್ಐಡಿಯಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ನೇರವಾಗಿ ಅನಿಮೇಷನ್ ಓದಬಹುದು, ಪ್ರವೇಶ ಪರೀಕ್ಷೆ ಇರುತ್ತದೆ. ಇಲ್ಲಾಂದರೆ ಡಿಗ್ರಿ ಮುಗಿಸಿ ಸೀಡ್ (CEED) ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಾಂಬೆ ಐಐಟಿಯಲ್ಲಿ ಅನಿಮೇಷನ್‌ನಲ್ಲೇ ಎಂ.ಡೆಸ್, ಅಂದರೆ ಡಿಸೈನ್‌ನಲ್ಲಿ ಮಾಸ್ಟರ್ಸ್ ಡಿಗ್ರಿ, ಮಾಡಬಹುದು; ಅದಕ್ಕೆ ಯಾವ ಡಿಗ್ರಿ ಆಗಿರಬೇಕು ಅಂತ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ನಿಮಗೆ ನಾನು ಎರಡನೆಯದನ್ನೇ ಹೇಳುವುದು. ಬಿಎಸ್ಸಿ ಬಯಾಲಜಿ ಮಾಡಿ. ಚಿತ್ರವನ್ನು ರಾತ್ರಿ ಮನೆಯಲ್ಲಿ ಕೂತು ಕಲಿಯಬಹುದು, ಲ್ಯಾಬನ್ನು ಮನೆಗೆ ತರೋಕಾಗಲ್ಲ.

ಪ್ರಶ್ನೆ: ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಅನಿಮೇಷನ್ ಕಲಿಯೋಕೆ ಮೊದಲು ಯಾವ ಸಾಫ್ಟ್‌ವೇರ್ ತಗೊಳ್ಳಲಿ?
– ಓದುಗ, ಹುಬ್ಬಳ್ಳಿ

ಉತ್ತರ: ಬ್ಲೆಂಡರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಆದರೆ ಸಾಫ್ಟ್‌ವೇರ್ ತೆರೆಯೋ ಮುಂಚೆ ಒಂದು ತೊಗಲುಗೊಂಬೆಯಾಟ ನೋಡಿ. ನಿಮಗೇನೂ ದೂರ ಅಲ್ಲ, ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂದಿದೆ. ಕೈಕಾಲು ಆಡುವ ಗೊಂಬೆಗಳಲ್ಲಿ ತೋಳು, ಮುಂಗೈ ಬೇರೆ ಬೇರೆ ತುಂಡು, ಕೀಲಿನ ಹತ್ತಿರ ದಾರದ ಗಂಟು. ಒಂದು ಕಡ್ಡಿ ಎತ್ತಿದರೆ ಮುಂಗೈ ಮೇಲೆ ಹೋಗುತ್ತದೆ, ತೋಳು ಅದರ ಹಿಂದೆ ಸ್ವಲ್ಪ ತಡವಾಗಿ ಎಳೆದುಕೊಂಡು ಬರುತ್ತದೆ. ಕಂಪ್ಯೂಟರಿನಲ್ಲಿ ಪಾತ್ರಕ್ಕೆ ಮೂಳೆ ಕೂರಿಸಿ ಕೈ ಎಳೆದಾಗ ಆಗುವುದೂ ಇದೇ. ನಿಮ್ಮ ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಲಿಂಕ್, ಜಾಯಿಂಟ್.

ಅಂಥದ್ದೊಂದು ಕೈಯನ್ನು ರಟ್ಟಿನಲ್ಲಿ ಕತ್ತರಿಸಿ ಮಾಡಿ, ಮೇಲಿಂದ ಮೊಬೈಲ್ ನಿಲ್ಲಿಸಿ. ಸ್ವಲ್ಪ ಸ್ವಲ್ಪ ಸರಿಸುತ್ತಾ 24 ಫೋಟೋ ತೆಗೆಯಿರಿ, ಸೆಕೆಂಡಿಗೆ 12ರ ಹಾಗೆ ಓಡಿಸಿ ನೋಡಿ. ಕೈ ಎಲ್ಲಿ ಜರ್ಕ್ ಹೊಡೆಯುತ್ತದೆ ಅಂತ ಬರೆದಿಟ್ಟುಕೊಂಡು ಅಷ್ಟು ಫೋಟೋ ಮಾತ್ರ ಮತ್ತೆ ತೆಗೆಯಿರಿ.