ಗಾಳಿಯ ದೂಳು ಎಲ್ಲಿಂದ ಬಂತು?

ಪ್ರಶ್ನೆ: ಕೈಯಲ್ಲಿ ಹಿಡಿಯುವ ಮೀಟರ್ ಪಿಎಂ 2.5 (2.5 ಮೈಕ್ರೋಮೀಟರ್‌ ಅಥವಾ ಅದಕ್ಕಿಂತ ಸಣ್ಣ ಕಣಗಳು) ಎಷ್ಟಿದೆ ಎಂದು ತೋರಿಸುತ್ತದೆ. ಅದರಲ್ಲಿ ಮಣ್ಣೆಷ್ಟು, ಹೊಗೆಯೆಷ್ಟು ಎಂದು ತಿಳಿಯಬಹುದೇ?

ಉತ್ತರ: ಆಗದು. ಆ ಮೀಟರ್ ಅಳೆಯುವುದು ಕಣಗಳು ಚದುರಿಸಿದ ಬೆಳಕನ್ನು ಮಾತ್ರ. ತೇವ ಹೆಚ್ಚಿದ ದಿನ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿ ಸುಮ್ಮಸುಮ್ಮನೆ ಏರುತ್ತದೆ.

ಕಣದ ಒಳಗೇನಿದೆ ಎಂದು ತಿಳಿಯಲು ಅದನ್ನು ಫಿಲ್ಟರ್ ಮೇಲೆ ಹಿಡಿಯಬೇಕು, ಅದೂ ಅಕ್ಕಪಕ್ಕದಲ್ಲಿ ಎರಡು ಬಗೆಯ ಫಿಲ್ಟರ್ ಇಟ್ಟು. ನಿಮಿಷಕ್ಕೆ 16.7 ಲೀಟರ್‌ನಂತೆ ಎಳೆದರೆ 24 ಗಂಟೆಯಲ್ಲಿ ಸುಮಾರು 24 ಘನ ಮೀಟರ್ ಗಾಳಿ ಹಾಯುತ್ತದೆ. ತೂಕಕ್ಕೂ, ಎಕ್ಸ್‌ರೇ ಫ್ಲೋರೆಸೆನ್ಸ್‌ನಲ್ಲಿ (ಎಕ್ಸ್‌ರೇ ಬಿದ್ದಾಗ ಪ್ರತಿ ಧಾತು ಹೊರಸೂಸುವ ಕಿರಣದಿಂದ ಅದನ್ನು ಗುರುತಿಸುವ ವಿಧಾನ) ಅಲ್ಯೂಮಿನಿಯಂ, ಸಿಲಿಕಾನ್, ಕಬ್ಬಿಣದಂಥ ಧಾತುಗಳ ಅಳತೆಗೂ ಟೆಫ್ಲಾನ್. ಇಂಗಾಲಕ್ಕೆ ಕ್ವಾರ್ಟ್ಸ್, ಅದನ್ನು ಹಂತಹಂತವಾಗಿ ಕಾಯಿಸಿ ಅಳೆಯಬೇಕು, ಟೆಫ್ಲಾನ್ ಆ ಕಾವು ತಡೆಯದು. ಹಾಗೆಂದು ಕ್ವಾರ್ಟ್ಸ್‌ನಲ್ಲಿ ಸಿಲಿಕಾನ್ ಹುಡುಕಬೇಡಿ, ಫಿಲ್ಟರೇ ಸಿಲಿಕಾ! ಅದರ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಸಲ್ಫೇಟ್, ನೈಟ್ರೇಟ್, ಅಮೋನಿಯಂ ಅಳೆಯಬಹುದು.

ಕೆಲಸ ಕೆಡುವುದು ಸಾಮಾನ್ಯವಾಗಿ ಫಿಲ್ಟರ್‌ನಲ್ಲೇ. ಬಳಸುವ ಮೊದಲು ಕ್ವಾರ್ಟ್ಸನ್ನು 550 ಡಿಗ್ರಿ ಅಥವಾ ಹೆಚ್ಚಿನ ಕಾವಿನಲ್ಲಿ ಕೆಲವು ಗಂಟೆ ಸುಡದಿದ್ದರೆ ಮೊದಲೇ ಅಂಟಿದ್ದ ಇಂಗಾಲವೂ ಲೆಕ್ಕಕ್ಕೆ ಬರುತ್ತದೆ. ಸುಟ್ಟ ಮೇಲೂ ಅದು ಗಾಳಿಯ ಸಾವಯವ ಆವಿ ಹೀರಿ ಇಂಗಾಲವನ್ನು ಹೆಚ್ಚಾಗಿ ತೋರಿಸುತ್ತದೆ. ಟೆಫ್ಲಾನ್‌ನದು ಉಲ್ಟಾ ಕಥೆ: ಸೆಕೆಯಲ್ಲಿ ಅಮೋನಿಯಂ ನೈಟ್ರೇಟ್ ಹಾರಿಹೋಗಿ ತೂಕ ಇಳಿಯುತ್ತದೆ. ಹಾಗಾಗಿ ತೆಗೆದ ಕೂಡಲೇ ಮುಚ್ಚಿ ತಂಪಿನಲ್ಲಿಡಿ. ಗಾಳಿ ಎಳೆಯದೆ ಹಾಗೇ ಒಯ್ದು ತಂದ ಖಾಲಿ ಫಿಲ್ಟರ್ ಹತ್ತಕ್ಕೊಂದಾದರೂ ಇರಲಿ.

ಫಲಿತಾಂಶ ಬಂದ ಮೇಲೆ ಎಲ್ಲವನ್ನೂ ಕೂಡಿಸಿ. ಮಣ್ಣಿನ ಧಾತುಗಳನ್ನು ಆಕ್ಸೈಡ್ ರೂಪಕ್ಕೆ ತಂದು, ಸಾವಯವ ಇಂಗಾಲವನ್ನು 1.4ರಿಂದ 2ರ ನಡುವಿನ ಸೂಕ್ತ ಅಂಕಿಯಿಂದ ಗುಣಿಸಿ. ಮೊತ್ತವನ್ನು ಟೆಫ್ಲಾನ್ ಮೇಲೆ ತೂಗಿದ ಕಣಗಳ ತೂಕಕ್ಕೆ ಹೋಲಿಸಿ. ಅದು ತೂಕಕ್ಕಿಂತ ತುಸು ಕಡಿಮೆ ಬಂದರೆ ಕಣದಲ್ಲಿನ ನೀರು ಕಾರಣವಿರಬಹುದು. ತೂಕವನ್ನೇ ಬಹಳ ಮೀರಿದರೆ ಮುಂದಕ್ಕೆ ಹೋಗಬೇಡಿ, ಎಲ್ಲೋ ಅಳತೆ ತಪ್ಪಿದೆ.

ಪ್ರಶ್ನೆ: ಪೊಟ್ಯಾಸಿಯಂ ಹೆಚ್ಚಿದೆ. ಕಟ್ಟಿಗೆ ಹೊಗೆ ಎನ್ನಬಹುದೇ?

ಉತ್ತರ: ಅಷ್ಟರಿಂದಲೇ ಅಲ್ಲ. ಮಣ್ಣಿನಲ್ಲೂ ಪಟಾಕಿಯಲ್ಲೂ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ ಅಳತೆಯಿಂದ ಕಬ್ಬಿಣದ ಅಳತೆಯ 0.6 ಪಾಲನ್ನು ಕಳೆದು ಮಣ್ಣಿನ ಭಾಗವನ್ನು ಅಂದಾಜಾಗಿ ತೆಗೆಯುವ ರೂಢಿಯಿದೆ. ಉಕ್ಕಿನ ಕಾರ್ಖಾನೆ ಬಳಿ ಅದು ನಡೆಯದು, ಅಲ್ಲಿ ಕಬ್ಬಿಣ ಮಣ್ಣಿನಿಂದಷ್ಟೇ ಬಂದದ್ದಲ್ಲ. ಲೆವೊಗ್ಲುಕೋಸಾನ್ ಹೆಚ್ಚು ನಂಬಿಕೆಯ ಗುರುತು, ಸೆಲ್ಯುಲೋಸ್ ಸುಟ್ಟಾಗ ಹುಟ್ಟುವಂಥದ್ದು. ಆದರೆ ದೂರದಿಂದ ಬಂದ ಹೊಗೆಯಲ್ಲಿ ಅದು ದಾರಿಯಲ್ಲೇ ಒಂದಿಷ್ಟು ನಾಶವಾಗಿರುತ್ತದೆ.

ಪ್ರಶ್ನೆ: ಪಿಎಂಎಫ್ (ಪಾಸಿಟಿವ್ ಮ್ಯಾಟ್ರಿಕ್ಸ್ ಫ್ಯಾಕ್ಟರೈಸೇಶನ್) ತಂತ್ರಾಂಶ ಮೂಲಗಳ ಹೆಸರು ಹೇಳುತ್ತದೆಯೇ?

ಉತ್ತರ: ಹೆಸರಿಡುವವರು ನೀವೇ. ಒಟ್ಟಿಗೆ ಏರಿಳಿಯುವ ಘಟಕಗಳನ್ನು ಅದು ಗುಂಪು ಕಟ್ಟಿಕೊಡುತ್ತದೆ, ಅಷ್ಟೆ. ಸಲ್ಫೇಟ್ ಗುಂಪು ಬಂದರೆ ಅದು ಮೂಲವಲ್ಲ. ಎಲ್ಲೋ ಕಲ್ಲಿದ್ದಲು ಅಥವಾ ತೈಲ ಉರಿದು ಹೊರಟ ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಮಾರ್ಪಟ್ಟು ಬಂದದ್ದು. ಮೂವತ್ತು ಫಿಲ್ಟರ್ ಮಾದರಿಗಳಿಂದ ಕೆಲಸ ಸಾಗದು, ನೂರರ ಆಸುಪಾಸು ಇರಲಿ. ನಾಲ್ಕು, ಐದು, ಆರು ಗುಂಪುಗಳಿಗೆ ಬೇರೆಬೇರೆಯಾಗಿ ಓಡಿಸಿ. ಕೆಲವು ಮಾದರಿ ಬಿಟ್ಟು, ಕೆಲವನ್ನು ಮತ್ತೆ ಸೇರಿಸಿ ಓಡಿಸಿದಾಗ ಕಾಣೆಯಾಗುವ ಗುಂಪನ್ನು ವರದಿಗೆ ಸೇರಿಸಬೇಡಿ.