ಬೇರೆ ಲೋಟ, ಕಡಿದಾದ ರ‍್ಯಾಂಪು, ಬೋರ್ಡಿನ ಮೇಲಿನ ಸಮಿತಿ

ಕೆಲಸದ ಜಾಗದಲ್ಲಿ ಎಲ್ಲರನ್ನೂ ಒಳಗೊಳ್ಳುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಕಾರ್ಮಿಕ ಕಾನೂನು ಮತ್ತು ಕಟ್ಟಡ ವಿನ್ಯಾಸ ಬಲ್ಲವರ ಉತ್ತರ.

ಪ್ರಶ್ನೆ: ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಟೀ ಹೊತ್ತಿಗೆ ನಾಲ್ವರು ಮಾತ್ರ ತಮ್ಮ ಲೋಟ ತಾವೇ ತಂದು, ಕುಡಿದು, ತೊಳೆದು ಕಿಟಕಿ ಮೇಲಿಡುತ್ತಾರೆ. ಯಾರೂ ಹೇಳಿದ್ದಲ್ಲ, ಜಗಳವೂ ಇಲ್ಲ. ಹಾಗೇ ಬಿಡಬಹುದೇ?
— ಮಾಲೀಕರೊಬ್ಬರು, ಶಿಡ್ಲಘಟ್ಟ

ಉತ್ತರ: ಬಿಡುವಂತಿಲ್ಲ. ಜಗಳ ಇಲ್ಲವೆಂದರೆ ಒಪ್ಪಿಗೆ ಇದೆ ಎಂದಲ್ಲ. ಬಾಯಿ ಬಿಟ್ಟರೆ ಕೂಲಿ ತಪ್ಪೀತು ಎಂಬ ಲೆಕ್ಕವೂ ಇರುತ್ತದೆ. ಅಸ್ಪೃಶ್ಯತೆಯ ಯಾವ ರೂಪದ ಆಚರಣೆಯನ್ನೂ ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದಕ್ಕೆ ಶಿಕ್ಷೆ ಇದೆ. ‘ಅವರೇ ತಂದುಕೊಂಡರು’ ಎಂಬ ಮಾತು ನಿಮ್ಮನ್ನು ಕಾಪಾಡುತ್ತದೆಂದು ನೆಚ್ಚಿ ಕೂರಬೇಡಿ.

ಭಾಷಣದಿಂದ ಶುರು ಮಾಡಬೇಡಿ. ಮೊದಲು ಆ ನಾಲ್ವರ ಜೊತೆ ಪ್ರತ್ಯೇಕವಾಗಿ ಮಾತಾಡಿ, ಏನು ಬದಲಾಗಲಿದೆ ಎಂದು ತಿಳಿಸಿ. ಎಲ್ಲರೆದುರು ‘ನಿಮ್ಮ ಲೋಟ ಬಿಸಾಕಿ’ ಎಂದರೆ ಅವಮಾನ ಮತ್ತೆ ಅವರಿಗೇ. ಆಮೇಲೆ ಒಂದೇ ಅಳತೆಯ ಹದಿನೆಂಟು ಸ್ಟೀಲ್ ಲೋಟ ತನ್ನಿ: ಹದಿನಾಲ್ಕು ಕೆಲಸದವರಿಗೆ, ಉಳಿದವು ನಿಮಗೆ ಮತ್ತು ಬಂದು ಹೋಗುವವರಿಗೆ. ಅವುಗಳ ಮೇಲೆ ಹೆಸರು, ನಂಬರು ಕೊರೆಸಬೇಡಿ; ನಂಬರು ಬಿದ್ದ ದಿನವೇ ‘ನನ್ನದು, ಅವನದು’ ವಾಪಸು ಬರುತ್ತದೆ. ಎಲ್ಲ ಲೋಟವೂ ಒಂದೇ ಬುಟ್ಟಿಯಲ್ಲಿರಲಿ. ತೊಳೆಯಲು ವಾರಕ್ಕಿಬ್ಬರಂತೆ ಪಾಳಿ ಬರೆದು ಗೋಡೆಗೆ ಅಂಟಿಸಿ. ಮೊದಲ ವಾರ ನಿಮ್ಮದೂ ಮೇಸ್ತ್ರಿಯದೂ ಹೆಸರಿರಬೇಕು, ಇಲ್ಲದಿದ್ದರೆ ಆ ಪಾಳಿಯೂ ಸುತ್ತಿ ಬಳಸಿ ಆ ನಾಲ್ವರ ಕೊರಳಿಗೇ ಬೀಳುತ್ತದೆ.

ಕುಡಿಯುವ ನೀರಿಗೆ ಬಿಂದಿಗೆ ತೆಗೆದು ನಲ್ಲಿ ಇರುವ ಡ್ರಮ್ ಇಡಿ. ಬಿಂದಿಗೆ ಇದ್ದರೆ ಒಬ್ಬರು ‘ತಾಳು, ನಾನು ಹಾಕ್ತೀನಿ’ ಎಂದು ಮೇಲಿನಿಂದ ಸುರಿಯುವುದು ನಡೆಯುತ್ತಲೇ ಇರುತ್ತದೆ. ನಲ್ಲಿ ಇದ್ದರೆ ಆ ಮಾತಿಗೆ ಜಾಗವೇ ಇಲ್ಲ.

ಪೇಪರ್ ಕಪ್ಪಿನ ಅಡ್ಡದಾರಿ ಹಿಡಿಯಬೇಡಿ. ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿಯನ್ನು ಮುಚ್ಚಿಡಲು ಬಳಕೆಯಾದದ್ದೂ ಅದೇ. ಲೋಟದ ತಕರಾರು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಊಟಕ್ಕೆ ಕೂರುವ ಸಾಲು ಹಾಗೇ ಉಳಿಯುತ್ತದೆ. ಒಬ್ಬಿಬ್ಬರು ಟೀಯನ್ನೇ ಬಿಡಬಹುದು. ಬಿಡಲಿ. ಅವರಿಗೆಂದು ಹೊರಗಿನಿಂದ ಬೇರೆ ಟೀ ತರಿಸಬೇಡಿ.

ಲೋಟಕ್ಕಿಂತ ದೊಡ್ಡ ವಿಷಯ ಕೆಲಸದ ಹಂಚಿಕೆ. ನೂಲು ತೆಗೆದ ಮೇಲೆ ಉಳಿಯುವ ಹುಳು ಸಾಗಿಸುವುದು, ಚರಂಡಿ ಬಳಿಯುವುದು, ಶೌಚಾಲಯ ತೊಳೆಯುವುದು ದಿನಾ ಯಾರ ಪಾಲಿಗೆ ಬರುತ್ತದೆಂದು ಒಂದು ತಿಂಗಳು ಹಾಜರಿ ಪುಸ್ತಕದ ಪಕ್ಕದಲ್ಲೇ ಬರೆದಿಡಿ. ಅವವೇ ಹೆಸರುಗಳು ಮರುಕಳಿಸಿದರೆ ಪಾಳಿ ಬದಲಿಸಿ. ಬೇಸಿನ್ ಮುಂದೆ ಕೂತು ನೂಲು ಎಳೆಯುವ, ಹೆಚ್ಚು ಕೂಲಿಯ ಕೆಲಸವನ್ನು ಅವರಿಗೂ ಕಲಿಸಿ. ಕೆಲಸಗಾರರಿಗೂ ಒಂದು ಮಾತು: ಇಂಥ ತೊಂದರೆಗೆ ರಾಷ್ಟ್ರೀಯ ಸಹಾಯವಾಣಿ 14566 ಇದೆ.

ಪ್ರಶ್ನೆ: ನಮ್ಮ ಘಟಕದಲ್ಲಿ ಅರವತ್ತು ಜನ ಇದ್ದೇವೆ. ಲೆಕ್ಕಪತ್ರ ವಿಭಾಗಕ್ಕೆ ಗಾಲಿಕುರ್ಚಿ ಬಳಸುವ ಯುವತಿಯೊಬ್ಬರು ಆಯ್ಕೆಯಾಗಿದ್ದಾರೆ. ಮುಂಬಾಗಿಲಲ್ಲಿ ಮೂರು ಮೆಟ್ಟಿಲಿವೆ. ಗಾರೆ ಮೇಸ್ತ್ರಿ ಆರಡಿ ರ‍್ಯಾಂಪು ಸಾಕು ಅಂತಾರೆ. ಸಾಕಾ?
— ವಸಂತನರಸಾಪುರ, ತುಮಕೂರು

ಉತ್ತರ: ಸಾಲದು. ಒಂದಕ್ಕೆ ಹನ್ನೆರಡು ಎಂಬುದು ಲೆಕ್ಕ: ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ. ಆರಿಂಚಿನ ಮೂರು ಮೆಟ್ಟಿಲು ಎಂದರೆ ಹದಿನೆಂಟು ಇಂಚು, ಅಂದರೆ ಹದಿನೆಂಟು ಅಡಿ ರ‍್ಯಾಂಪು. ಆರಡಿಯಲ್ಲಿ ಕಟ್ಟಿದರೆ ಅದು ಮೂಟೆ ಏರಿಸುವ ಹಲಗೆ. ಅದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಲ್ಲವೇ ತಳ್ಳಲು ದಿನಾ ಇಬ್ಬರನ್ನು ಕರೆಯಬೇಕಾಗುತ್ತದೆ. ಉದ್ದಕ್ಕೆ ಜಾಗವಿಲ್ಲದಿದ್ದರೆ ಗೋಡೆಗುಂಟ ತಿರುಗಿಸಿ, ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಬಿಡಿ. ಬಾಗಿಲ ಮುಂದೆಯೂ ಅಷ್ಟೇ ಸಮತಟ್ಟು ಬೇಕು, ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ.

ಅಗಲ ನಾಲ್ಕಡಿ. ಎರಡೂ ಕಡೆ ಕಂಬಿ, ನೆಲದಿಂದ 76 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ. ಚಕ್ರ ಅಂಚಿನಿಂದ ಜಾರದಂತೆ ಪಕ್ಕದಲ್ಲಿ ಸಣ್ಣ ದಿಂಡು ಕಟ್ಟಿಸಿ. ಪಾಲಿಶ್ ಗ್ರಾನೈಟ್ ಬೇಡ, ಮಳೆಯಲ್ಲಿ ಕಾಲಿಟ್ಟವರೆಲ್ಲ ಜಾರುತ್ತಾರೆ. ಜಾರಬಾರದೆಂದು ಕೆಲವರು ಆಳವಾದ ಗೀರು ಹಾಕಿಸುತ್ತಾರೆ, ಅದೂ ತಪ್ಪು: ಮುಂದಿನ ಪುಟ್ಟ ಗಾಲಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಪೊರಕೆ ಎಳೆದ ಒರಟು ಕಾಂಕ್ರೀಟೇ ವಾಸಿ. ಕೆಳತುದಿಯಲ್ಲಿ ಚರಂಡಿ ಜಾಲರಿ ಇದ್ದರೆ ಅದರ ಸಂದುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಲಿ. ಇಷ್ಟೆಲ್ಲ ಮಾಡಿದ ಮೇಲೆ ರ‍್ಯಾಂಪಿನ ಬುಡದಲ್ಲಿ ಬೈಕು ನಿಲ್ಲಿಸುವವರು ಬಂದೇ ಬರುತ್ತಾರೆ. ಹಳದಿ ಪಟ್ಟಿ ಬಳಿಸಿ, ಸೆಕ್ಯೂರಿಟಿಯವರಿಗೆ ಹೇಳಿಡಿ.

ಬಹಳ ಕಡೆ ರ‍್ಯಾಂಪು ಮುಗಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಶೌಚಾಲಯಕ್ಕೆ ಹೋಗಲಾಗದ ಕಚೇರಿಯಲ್ಲಿ ನೀರು ಕುಡಿಯದೆ ಎಂಟು ಗಂಟೆ ಕೂರಬೇಕಾಗುತ್ತದೆ, ಮೂತ್ರದ ಸೋಂಕು ಹಿಂದೆಯೇ ಬರುತ್ತದೆ. ಬಾಗಿಲಿನ ತೆರವು 90 ಸೆಂಟಿಮೀಟರ್ ಇರಲಿ, ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲಾದರೆ ಒಳಗೆ ಬಿದ್ದವರೇ ಅದಕ್ಕೆ ಅಡ್ಡವಾಗುತ್ತಾರೆ. ಕುರ್ಚಿ ತಿರುಗಲು ಒಂದೂವರೆ ಮೀಟರ್ ವೃತ್ತ, ಕಮೋಡಿನ ಪಕ್ಕ ಗೋಡೆಗೆ ಭದ್ರವಾದ ಹಿಡಿ, ಕೈಗೆಟುಕುವ ಚಿಲಕ ಬೇಕು. ಟವೆಲ್ ಕಂಬಿಯನ್ನು ಹಿಡಿಯೆಂದು ಹಾಕಿಸಬೇಡಿ, ಭಾರಕ್ಕೆ ಕಿತ್ತು ಬರುತ್ತದೆ. ಮೇಜಿನ ಕೆಳಗೆ ಮೊಣಕಾಲಿಗೆ 70 ಸೆಂಟಿಮೀಟರ್ ಎತ್ತರ ಖಾಲಿ ಇರಲಿ. ಮತ್ತೆ, ಮೇಸ್ತ್ರಿ ಸಿಮೆಂಟ್ ಕಲಸುವ ಮೊದಲು ಆ ಯುವತಿಯನ್ನೇ ಕರೆಸಿ ತೋರಿಸಿ. ಕುರ್ಚಿಯ ಅಗಲ, ಯಾವ ಕಡೆಯಿಂದ ಕಮೋಡಿಗೆ ದಾಟುತ್ತಾರೆ ಎಂಬುದೆಲ್ಲ ಅವರಿಗೇ ಗೊತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಪ್ರತಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಸೌಲಭ್ಯಗಳ ವಿವರ, ಸಂಪರ್ಕಾಧಿಕಾರಿಯ ನೇಮಕವೂ ಸೇರಬೇಕು. ನಿಮಗೆ ಇದು ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮ ಗಾರ್ಮೆಂಟ್ಸ್‌ನಲ್ಲಿ ಲೈಂಗಿಕ ಕಿರುಕುಳದ ಸಮಿತಿ ಇದೆ ಅಂತ ಬೋರ್ಡ್ ಹಾಕಿದ್ದಾರೆ. ಅದರಲ್ಲಿರೋದು ಎಚ್‌ಆರ್ ಮ್ಯಾನೇಜರ್, ಮಾಲೀಕರ ತಮ್ಮ, ಒಬ್ಬ ಸೂಪರ್‌ವೈಸರ್, ಮೂವರೂ ಗಂಡಸರು. ನಾನು ಕಾಂಟ್ರ್ಯಾಕ್ಟ್ ಮೇಲಿರೋಳು. ದೂರು ಕೊಡಬಹುದಾ?
— ಹೆಸರು ಬೇಡ, ಗೌರಿಬಿದನೂರು

ಉತ್ತರ: ಕೊಡಬಹುದು. 2013ರ ಕಾಯ್ದೆ ಗುತ್ತಿಗೆಯವರಿಗೂ ದಿನಗೂಲಿಯವರಿಗೂ ಅನ್ವಯ. ನೀವು ಹೇಳಿದ ಸಮಿತಿ ಮಾತ್ರ ಕಾನೂನಿನ ಸಮಿತಿಯಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆಯಾಗಿರಬೇಕು, ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಹೆಂಗಸರಿರಬೇಕು, ಹೊರಗಿನ ಸಂಸ್ಥೆಯ ಒಬ್ಬ ಸದಸ್ಯರಿರಬೇಕು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ.

ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಿ. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ‘ಕೆಟ್ಟದಾಗಿ ನಡೆದುಕೊಂಡರು’ ಎಂದಷ್ಟೇ ಬರೆದರೆ ದೂರು ಸಡಿಲವಾಗುತ್ತದೆ. ದಿನಾಂಕ, ಹೊತ್ತು, ಯಾವ ಲೈನು, ಆಡಿದ ಮಾತು ಇದ್ದಂತೆಯೇ, ಹತ್ತಿರ ಯಾರಿದ್ದರು, ಎಲ್ಲ ಇರಲಿ. ಸಿಟ್ಟಿನಲ್ಲಿ ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ಆರು ಪ್ರತಿ ಕೊಡಬೇಕು. ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಎಂಬ ಸಹಿ ಹಾಕಿಸಿಕೊಂಡು ಮನೆಯಲ್ಲಿಡಿ. ಸಮಿತಿಯಲ್ಲಿ ಹೆಂಗಸರೇ ಇಲ್ಲ, ಹೊರಗಿನ ಸದಸ್ಯರೂ ಇಲ್ಲ ಎಂದು ಜಿಲ್ಲಾಧಿಕಾರಿ ಕಚೇರಿಗೂ ಬರೆಯಿರಿ. ದೂರು ಮಾಲೀಕರ ಮೇಲೆಯೇ ಆದರೆ, ಇಲ್ಲವೇ ಹತ್ತಕ್ಕಿಂತ ಕಡಿಮೆ ಜನರಿರುವ ಜಾಗವಾದರೆ, ನೇರವಾಗಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಆ ನಡುವೆ ಬೇರೆ ಲೈನಿಗೆ ವರ್ಗ ಅಥವಾ ಮೂರು ತಿಂಗಳವರೆಗೆ ರಜೆ ಲಿಖಿತವಾಗಿ ಕೇಳಬಹುದು. ರಾಜಿ ನೀವು ಕೇಳಿದರೆ ಮಾತ್ರ. ದುಡ್ಡು ಕೊಟ್ಟು ರಾಜಿ ಮಾಡಿಸುವಂತಿಲ್ಲ. ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದನ್ನು ಸುಳ್ಳು ದೂರು ಎನ್ನುವಂತೆಯೂ ಇಲ್ಲ.

ಪ್ರಶ್ನೆ: ಲೈನಿನಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದಾರೆ. ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾರೆ, ಮಾಡೋದು ಬೇರೆ.
— ಸೂಪರ್‌ವೈಸರ್, ನರಸಾಪುರ

ಉತ್ತರ: ‘ಗೊತ್ತಾಯ್ತಾ’ ಎಂದು ಕೇಳುವುದನ್ನು ಬಿಡಿ, ಅದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ. ‘ಮಾಡಿ ತೋರಿಸು’ ಅನ್ನಿ. ನಿಲ್ಲಿಸು, ಕೈ ತೆಗಿ, ಬಿಸಿ, ಕರೆಂಟು ಇಂಥ ಇಪ್ಪತ್ತೈದು ಮಾತು ಕನ್ನಡದಲ್ಲಿ ಬಾಯಿಪಾಠವಾಗಲಿ, ಶಿಫ್ಟಿನ ಮೊದಲ ಹತ್ತು ನಿಮಿಷ, ಸಂಬಳದ ಸಮಯದಲ್ಲೇ. ಎಲ್ಲರಿಗೂ ಹಿಂದಿ ಬರುತ್ತದೆ ಅಂದುಕೊಳ್ಳಬೇಡಿ, ಒಡಿಯಾ ಬೇರೆಯೇ ಭಾಷೆ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು ಎಂದು ಬಾಳುವ ಕೋಲಾರದವರಿಗೆ ಇದೇನು ಹೊಸದಲ್ಲ.

ಪ್ರಶ್ನೆ: ನಮ್ಮ ಟೊಮೆಟೊ ಪ್ಯಾಕಿಂಗ್ ಶೆಡ್ಡಿಗೆ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯೊಬ್ಬರು ಕೆಲಸ ಕೇಳಿ ಬಂದಿದ್ದಾರೆ. ಉಳಿದ ಹೆಂಗಸರನ್ನು ಕೇಳಿ ತಗೋಬೇಕಾ?
— ಚಿಂತಾಮಣಿ

ಉತ್ತರ: ಕೇಳಬೇಡಿ. ಬೇರೆ ಯಾರನ್ನು ಸೇರಿಸಿಕೊಳ್ಳುವಾಗಲೂ ಒಪ್ಪಿಗೆ ಕೇಳಿಲ್ಲವಲ್ಲ. ಕೆಲಸದಲ್ಲಿ ತಾರತಮ್ಯ ಮಾಡುವುದನ್ನು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆ ನಿಷೇಧಿಸಿದೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ನೇಮಕಾತಿಯಲ್ಲೇ ಶೇ 1 ಮೀಸಲು ಇಟ್ಟಿತು. ಅವರು ಹೇಳುವ ಹೆಸರಿನಿಂದಲೇ ಕರೆಯಿರಿ. ಆಧಾರಿನಲ್ಲಿ ಹಳೆಯ ಹೆಸರಿದ್ದರೆ ಅದು ಬ್ಯಾಂಕಿನ ಕಾಗದಕ್ಕಷ್ಟೇ, ಹಾಜರಿ ಕೂಗುವುದಕ್ಕಲ್ಲ. ಶೌಚಾಲಯ ಯಾವುದು ಎಂಬ ಪ್ರಶ್ನೆ ಹೇಗೂ ಏಳುತ್ತದೆ. ಅವರು ಹೆಂಗಸರದನ್ನು ಬಳಸಬಹುದು. ಶೆಡ್ಡುಗಳಲ್ಲಿ ನಿಜವಾದ ತೊಂದರೆ ಚಿಲಕವಿಲ್ಲದ, ಮೇಲರ್ಧ ತೆರೆದ ಬಾಗಿಲು. ಪೂರ್ತಿ ಮುಚ್ಚುವ ಬಾಗಿಲು, ಒಳಗಿನಿಂದ ಚಿಲಕ, ಒಂದು ಬಲ್ಬು ಹಾಕಿಸಿ.